ಮುರಕಲ್ಲೂ ಬರೋಕ್ ಶೈಲಿಯೂ

ಹದಿನೆಂಟನೆಯ ಶತಮಾನದ ಆದಿಭಾಗದ ಐರೋಪ್ಯ ವಾಸ್ತುಶಿಲ್ಪವೆಂದೊಡನೆ ಬರೋಕ್ ಶೈಲಿಯ ವೈಭವ ನೆನಪಾಗುತ್ತದೆ. ವಿಯೆನ್ನಾ ನಗರದಲ್ಲಿ ಫಿಷರ್ ಫಾನ್ ಎರ್ಲಾಖನು 1716ರಲ್ಲಿ ಅಂಡಾಕಾರದ ಗುಮ್ಮಟವುಳ್ಳ ಕಾರ್ಲ್ಸ್‌ಕಿರ್ಖೆಯನ್ನು ಆರಂಭಿಸಿದನು. ಮರುವರ್ಷವೇ ಪೋರ್ಚುಗಲ್ಲಿನ ದೊರೆ ಐದನೆಯ ಜುವಾಂವ್ ಬ್ರೆಜಿಲ್ಲಿನ ಚಿನ್ನದ ಬಲದಿಂದ ಮಾಫ್ರಾದಲ್ಲಿ ಅರಮನೆ, ಮಠ, ಇಗರ್ಜಿಗಳನ್ನು ಒಂದೇ ಕಟ್ಟಡದಲ್ಲಿ ಅಡಕಮಾಡಲು ಹೊರಟನು.

ಬ್ರಹ್ಮಾವರದ ವಿದ್ಯಾರ್ಥಿಗಳಿಗೆ ಇದರ ಗೊಡವೆಯೇಕೆ ಎಂದು ಯಾರಾದರೂ ಕೇಳಿಯಾರು. ಕುಂದಾಪುರದ ರೊಸಾರಿಯೊ ಇಗರ್ಜಿಯ ಮೂಲ 1570ಕ್ಕೆ ಹೋಗುತ್ತದೆ. ಸ್ವರ್ಣಾನದಿಯಾಚೆಯ ಕಲ್ಯಾಣಪುರದಲ್ಲಿ ಇಗರ್ಜಿ ಕಟ್ಟಲು ಕೆಳದಿಯ ಚೆನ್ನಮ್ಮಾಜಿ 1678ರ ಒಪ್ಪಂದದಲ್ಲಿ ಪೋರ್ಚುಗೀಸರಿಗೆ ಅನುಮತಿಯಿತ್ತಳು. ಆ ಶೈಲಿಯನ್ನು ಬಲ್ಲವರು ನಮ್ಮ ನೆರೆಯಲ್ಲೇ ಇದ್ದರೆಂದಾಯಿತು.

ಆದರೆ ಯೂರೋಪಿನ ಸುಣ್ಣಕಲ್ಲು, ಅಮೃತಶಿಲೆಗಳು ಇಲ್ಲಿಲ್ಲ, ಇರುವುದು ಮುರಕಲ್ಲು. ನೆಲದಲ್ಲಿರುವಾಗ ಅದು ಮೆತ್ತಗೆ. ಕಡಿದು ಗಾಳಿಗೊಡ್ಡಿದರೆ ಗಟ್ಟಿಯಾಗುತ್ತದೆ. ಮೈತುಂಬ ತೂತು, ನವುರಾದ ಕೆತ್ತನೆಗೆ ಒಗ್ಗದು. ಹೀಗಾಗಿ ಗೋವೆಯ ಶಿಲ್ಪಿಗಳು ಗೋಡೆಯನ್ನು ಮುರಕಲ್ಲಿನಲ್ಲಿ ದಪ್ಪವಾಗಿ ಎಬ್ಬಿಸಿ, ಬಳ್ಳಿ, ಸುರುಳಿ, ಕಂಬಗಳ ಸೊಗಸನ್ನೆಲ್ಲ ಸುಣ್ಣದ ಗಾರೆಯಲ್ಲಿ ಮೂಡಿಸಿದರು. ಮುಂಭಾಗದಲ್ಲಿ ಬರೋಕ್ ಬೆಡಗು. ಹಿಂದೆ ಮರದ ತೊಲೆಗಳ ಮೇಲೆ ಹೆಂಚಿನ ಇಳಿಮಾಡು! ಕೆಲವರು ಇದನ್ನು ಬಡ ಅನುಕರಣವೆನ್ನುವುದುಂಟು. ನನಗಂತೂ ಹಾಗೆನಿಸುವುದಿಲ್ಲ. ಆಷಾಢದ ಮಳೆಯಲ್ಲಿ ಮಾಫ್ರಾದ ಮಾದರಿಯನ್ನು ನಿಲ್ಲಿಸಹೊರಡುವುದು ಜಾಣತನವೇ?

ಗಾರೆಯೇ ಇಲ್ಲಿ ಕಟ್ಟಡದ ಚರ್ಮ. ವರ್ಷವರ್ಷವೂ ಸುಣ್ಣ ಬಳಿಯುವುದು ಬರಿಯ ಅಂದಕ್ಕಲ್ಲ. ಗಾರೆ ಬಿರಿದಲ್ಲಿ ನೀರು ಕಲ್ಲಿನ ತೂತುಗಳಿಗೆ ಇಳಿಯುತ್ತದೆ, ಮಾಡು ಹೋದರಂತೂ ಗೋಡೆಗೆ ಕಾವಲೇ ಇಲ್ಲ. ಹಳೆ ಗೋವೆಯ ಸಂತ ಆಗಸ್ಟೀನರ ಇಗರ್ಜಿಯೇ ಇದಕ್ಕೆ ಸಾಕ್ಷಿ. 1835ರಲ್ಲಿ ಸರಕಾರದ ಆಜ್ಞೆಯಿಂದ ಅದನ್ನು ತೊರೆಯಲಾಯಿತು. 1842ರಲ್ಲಿ ಒಳಗಿನ ಕಮಾನುಮಾಡು ಕುಸಿಯಿತು. 1931ರಲ್ಲಿ ಮುಂಭಾಗವೂ ಗೋಪುರದ ಅರ್ಧವೂ ಉರುಳಿದವು. ಸುಮಾರು 46 ಮೀಟರ್ ಎತ್ತರದ ಆ ಗೋಪುರದ ಉಳಿದ ಭಾಗ ಈಗ ಬರಿಮೈಯ ಮುರಕಲ್ಲಾಗಿ ನಿಂತಿದೆ. ಅದರ ಗಂಟೆ ಪಣಜಿಯ ಇಗರ್ಜಿಯನ್ನು ಸೇರಿದೆ.

ಬಾರ್ಕೂರಿನ ಗುಡಿ-ಬಸದಿಗಳನ್ನು ಕಟ್ಟಿದವರು ಮಳೆಯ ಈ ಲೆಕ್ಕವನ್ನು ಅದಕ್ಕೂ ಮೊದಲೇ ಹಾಕಿದ್ದರು. ಮಾಡನ್ನು ಇಳಿಜಾರಾಗಿಸಿ, ಹೆಂಚಿನ ಬದಲಿಗೆ ಕಲ್ಲುಚಪ್ಪಡಿಗಳನ್ನೇ ಹೊದೆಸಿ, ಸಂದಿಗಳ ಮೇಲೆ ಕಲ್ಲಿನ ಪಟ್ಟಿಗಳನ್ನಿಟ್ಟರು. ರಜೆಯಲ್ಲಿ ಅತ್ತ ಹೋಗುವ ಗೆಳೆಯರು ಮೂರ್ತಿಗಳ ಜೊತೆಗೆ ಒಮ್ಮೆ ತಲೆಯೆತ್ತಿ ಆ ಪಟ್ಟಿಗಳನ್ನೂ ನೋಡಲಿ.