ಹೊಸ ಗಿರಣಿಗೆ ವಿದ್ಯುತ್ ಸುರಕ್ಷತಾ ಪರೀಕ್ಷೆ

ಬೆಳೆದದ್ದನ್ನು ಹಾಗೆಯೇ ಮಾರುವುದಕ್ಕಿಂತ ಸಂಸ್ಕರಿಸಿ ಮಾರಿದರೆ ಲಾಭ ಹೆಚ್ಚೆಂಬುದು ರೈತ ಬಾಂಧವರಿಗೆ ತಿಳಿದ ವಿಷಯ. ರಾಗಿ ಹಿಟ್ಟಿನ ಗಿರಣಿ, ಎಣ್ಣೆ ಗಾಣ, ಅಡಿಕೆ ಸುಲಿಯುವ ಯಂತ್ರ, ಮೇವು ಕತ್ತರಿಸುವ ಯಂತ್ರ ಮುಂತಾದವು ಈಗ ಅನೇಕ ಹಳ್ಳಿಗಳಲ್ಲಿವೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಡಿ ಸಾಲ ಮತ್ತು ಸಹಾಯಧನ ಪಡೆದು ಇಂಥ ಘಟಕ ತೆರೆದವರೂ ಇದ್ದಾರೆ. ಯಂತ್ರ ಕೊಳ್ಳುವಾಗ ಬೆಲೆ, ಗಂಟೆಗೆ ಎಷ್ಟು ಅರೆಯುತ್ತದೆ, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದೆಲ್ಲ ವಿಚಾರಿಸುತ್ತೇವೆ. ಅದನ್ನು ಮುಟ್ಟಿ ಕೆಲಸ ಮಾಡುವವರಿಗೆ ಅಪಾಯವಿಲ್ಲವೆಂದು ಪರೀಕ್ಷಿಸಲಾಗಿದೆಯೇ ಎಂದು ಮಾತ್ರ ಕೇಳುವುದು ಕಡಿಮೆ.

ಯಂತ್ರ ಚೆನ್ನಾಗಿ ಓಡುತ್ತಿದೆ, ಇನ್ನೇನು ಪರೀಕ್ಷೆ ಎಂಬ ಮಾತು ಸಾಮಾನ್ಯ. ಆದರೆ ಅರ್ಥಿಂಗ್ ತಂತಿ ಕಡಿದುಹೋದ ಮೋಟರು ಸಹ ಅಷ್ಟೇ ಚೆನ್ನಾಗಿ ಓಡುತ್ತದೆ. ಹಸಿರಾಗಿ ಕಾಣುವ ಬೆಳೆಯನ್ನು ನೋಡಿ ಮಣ್ಣಿನಲ್ಲಿ ಎಷ್ಟು ರಂಜಕವಿದೆಯೆಂದು ಹೇಳಲು ಹೇಗೆ ಬಾರದೋ, ಹಾಗೆಯೇ ಓಡುವ ಮೋಟರನ್ನು ನೋಡಿ ಅದು ಸುರಕ್ಷಿತವೆಂದು ಹೇಳಲು ಬಾರದು. ಎರಡಕ್ಕೂ ಅಳತೆಯೇ ಬೇಕು.

ಎಷ್ಟು ಕರೆಂಟು ಅಪಾಯಕರ?

ಒಂದು ಆಂಪಿಯರಿನ ಸಾವಿರದಲ್ಲಿ ಒಂದು ಭಾಗಕ್ಕೆ ಮಿಲಿ ಆಂಪಿಯರ್ ಎನ್ನುತ್ತಾರೆ. ದೇಹದ ಮೂಲಕ ಸುಮಾರು 10ರಿಂದ 15 ಮಿಲಿ ಆಂಪಿಯರ್ ಹರಿದರೆ ಕೈಯ ಸ್ನಾಯುಗಳು ಸೆಟೆದು, ಹಿಡಿದದ್ದನ್ನು ಬಿಡಲಾಗುವುದಿಲ್ಲ. 30 ಮಿಲಿ ಆಂಪಿಯರ್ ದಾಟಿದರೆ ಉಸಿರಾಟಕ್ಕೆ ತೊಂದರೆಯಾಗಬಹುದು. 50 ಮೀರಿದರೆ ಹೃದಯದ ಬಡಿತವೇ ತಪ್ಪಬಹುದು. ಒದ್ದೆ ಕೈ, ಬರಿಗಾಲಿನ ಮನುಷ್ಯನ ದೇಹದ ರೋಧ ಸುಮಾರು 1000 ಓಮ್ ಎಂದಿಟ್ಟುಕೊಂಡರೆ, 230 ವೋಲ್ಟ್ ತಗುಲಿದಾಗ 230 ಮಿಲಿ ಆಂಪಿಯರ್ ಹರಿಯುತ್ತದೆ. ಫ್ಯೂಸ್ ಕರಗಲು ಹಲವು ಆಂಪಿಯರ್ ಬೇಕು. ಆದುದರಿಂದ ಫ್ಯೂಸ್ ಇರುವುದು ತಂತಿಯನ್ನು ಕಾಪಾಡಲಿಕ್ಕೆ. ಮನುಷ್ಯನನ್ನು ಅದು ಕಾಪಾಡಲಾರದು.

ಅರ್ಥಿಂಗ್ ಒಂದಿದ್ದರೆ ಸಾಕೇ?

ಒಂದು ಉದಾಹರಣೆ ನೋಡೋಣ. ಗಿರಣಿಯ ಅರ್ಥಿಂಗ್ ಗುಂಡಿಯ ರೋಧ 10 ಓಮ್, ಟ್ರಾನ್ಸ್‌ಫಾರ್ಮರ್ ಬಳಿಯ ಅರ್ಥಿಂಗ್ 1 ಓಮ್ ಇದೆಯೆನ್ನಿ. ಮೋಟರಿನೊಳಗೆ ಒಂದು ಫೇಸ್ ತಂತಿ ಸವೆದು ಕವಚಕ್ಕೆ ತಗುಲಿತು. ಆಗ ಹರಿಯುವ ಕರೆಂಟು 230ನ್ನು 11ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 21 ಆಂಪಿಯರ್. ಅಲ್ಲಿ 32 ಆಂಪಿಯರಿನ ಫ್ಯೂಸ್ ಇದ್ದರೆ ಅದು ಕರಗುವುದಿಲ್ಲ. ಮೋಟರಿನ ಕವಚದ ಮೇಲೆ ಸುಮಾರು 210 ವೋಲ್ಟ್ ಹಾಗೆಯೇ ನಿಂತಿರುತ್ತದೆ. ಅರ್ಥಿಂಗ್ ಇದ್ದೂ ಜೀವಕ್ಕೆ ಅಪಾಯ ತಪ್ಪಲಿಲ್ಲ.

ಇದೇ ಗಿರಣಿಯಲ್ಲಿ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇದ್ದಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ವಿದ್ಯುತ್ ಕಡಿತವಾಗುತ್ತಿತ್ತು. ಹೋದ ಕರೆಂಟು ತಂತಿಯಲ್ಲೇ ಹಿಂತಿರುಗುತ್ತಿದೆಯೇ ಅಥವಾ ನೆಲಕ್ಕೆ ಸೋರುತ್ತಿದೆಯೇ ಎಂದು ಈ ಸಾಧನ ಸದಾ ತಾಳೆ ನೋಡುತ್ತಿರುತ್ತದೆ. ಆದುದರಿಂದ ಒಳ್ಳೆಯ ಅರ್ಥಿಂಗ್ ಮತ್ತು ಆರ್.ಸಿ.ಸಿ.ಬಿ. ಎರಡೂ ಇರತಕ್ಕದ್ದು.

ಮಾಡಿಸಬೇಕಾದ ಪರೀಕ್ಷೆಗಳು

1. ಕಣ್ಣಿನ ಪರೀಕ್ಷೆ: ಮೊದಲು ಮೇನ್ ಸ್ವಿಚ್ ಆರಿಸಿ. ಇಲಿ ಕಡಿದ ತಂತಿ, ಸುಟ್ಟು ಕಪ್ಪಾದ ಜೋಡಣೆ, ಸಡಿಲ ಬೋಲ್ಟು, ಸ್ಟಾರ್ಟರಿನೊಳಗೆ ತುಂಬಿದ ಹಿಟ್ಟಿನ ಧೂಳು ಇವನ್ನು ನೋಡಿರಿ. ಫ್ಯೂಸಿನಲ್ಲಿ ದಪ್ಪ ತಂತಿ ಸುತ್ತಿದ್ದರೆ ತೆಗೆದು, ಸರಿಯಾದ ಅಳತೆಯದನ್ನು ಹಾಕಿಸಿ. ಮೂರು ಫೇಸಿನ ಮೋಟರಿನ ಕವಚಕ್ಕೆ ಎರಡು ಪ್ರತ್ಯೇಕ ಅರ್ಥಿಂಗ್ ತಂತಿಗಳಿರಬೇಕು.

2. ಇನ್ಸುಲೇಷನ್ ಪರೀಕ್ಷೆ: ಇದನ್ನು ಮೆಗ್ಗರ್ ಎಂಬ ಉಪಕರಣದಿಂದ ಮಾಡುತ್ತಾರೆ. ವಿದ್ಯುತ್ ಸಂಪರ್ಕ ತೆಗೆದ ಮೇಲೆ, ತಂತಿಗೂ ನೆಲಕ್ಕೂ ನಡುವೆ 500 ವೋಲ್ಟನ್ನು ಒಂದು ನಿಮಿಷ ಕೊಟ್ಟು ರೋಧವನ್ನು ಅಳೆಯುತ್ತಾರೆ. ಅದು ಕನಿಷ್ಠ 1 ಮೆಗಾ ಓಮ್, ಅಂದರೆ ಹತ್ತು ಲಕ್ಷ ಓಮ್ ಇರಬೇಕು. ಒಳ್ಳೆಯ ಮೋಟರಿನಲ್ಲಿ ಇದಕ್ಕಿಂತ ಬಹಳ ಹೆಚ್ಚು ಬರುತ್ತದೆ. ಹೋದ ವರ್ಷ 50 ಇದ್ದದ್ದು ಈ ವರ್ಷ 3ಕ್ಕೆ ಇಳಿದಿದ್ದರೆ, ನಿಯಮದ ಮಿತಿಯೊಳಗಿದ್ದರೂ, ತೇವ ಸೇರಿದೆ ಅಥವಾ ಸುರುಳಿ ಹಳತಾಗಿದೆ ಎಂದು ತಿಳಿಯಬೇಕು. ಎಲೆಕ್ಟ್ರಾನಿಕ್ ಸ್ಟಾರ್ಟರ್ ಮತ್ತು ಕೆಪಾಸಿಟರ್‌ಗಳನ್ನು ಈ ಪರೀಕ್ಷೆಗೆ ಮುಂಚೆ ಬೇರ್ಪಡಿಸತಕ್ಕದ್ದು.

3. ಅರ್ಥಿಂಗ್ ಪರೀಕ್ಷೆ: ಇದಕ್ಕೆ ಅರ್ಥ್ ಟೆಸ್ಟರ್ ಬೇಕು. ಗುಂಡಿಯಿಂದ ಒಂದೇ ಸಾಲಿನಲ್ಲಿ ದೂರ ದೂರ ಎರಡು ಕಬ್ಬಿಣದ ಮೊಳೆಗಳನ್ನು ನೆಟ್ಟು ಮಣ್ಣಿನ ರೋಧ ಅಳೆಯುತ್ತಾರೆ. ಸಂಖ್ಯೆ ಕಡಿಮೆಯಿದ್ದಷ್ಟೂ ಒಳ್ಳೆಯದು. ಗುಂಡಿಯಿಂದ ಪ್ರತಿ ಯಂತ್ರದ ಕವಚದವರೆಗೆ ತಂತಿ ಕಡಿಯದೆ ಬಂದಿದೆಯೇ ಎಂಬುದನ್ನೂ ಆಗಲೇ ನೋಡಿಸಿ.

4. ಆರ್.ಸಿ.ಸಿ.ಬಿ. ಪರೀಕ್ಷೆ: ವಿದ್ಯುತ್ ಇರುವಾಗ ಅದರ ಮೇಲಿನ 'ಟಿ' ಗುಂಡಿ ಒತ್ತಿದರೆ ತಕ್ಷಣ ಬೀಳಬೇಕು. ತಿಂಗಳಿಗೊಮ್ಮೆ ಇದನ್ನು ಮನೆಯವರೇ ಮಾಡಬಹುದು. ಬೀಳದಿದ್ದರೆ ಬದಲಾಯಿಸಿರಿ. ಆದರೆ ಈ ಗುಂಡಿ ಸಾಧನವನ್ನು ಮಾತ್ರ ಪರೀಕ್ಷಿಸುತ್ತದೆ, ಅರ್ಥಿಂಗ್ ಅನ್ನು ಅಲ್ಲ. ಪದೇ ಪದೇ ಬೀಳುತ್ತದೆಂದು ಅದನ್ನು ತಪ್ಪಿಸಿ ತಂತಿ ಜೋಡಿಸುವುದು ಬಹಳ ಅಪಾಯಕರ. ಅದು ಬೀಳುತ್ತಿದೆಯೆಂದರೆ ಎಲ್ಲೋ ಸೋರಿಕೆಯಿದೆ ಎಂದು ತಿಳಿದು ಹುಡುಕಿಸಬೇಕು.

ಬಲ್ಬಿನ ಪರೀಕ್ಷೆ ನಂಬಬೇಡಿ

ಫೇಸ್ ತಂತಿಗೂ ಅರ್ಥಿಂಗ್‌ಗೂ ನಡುವೆ 100 ವಾಟಿನ ಬಲ್ಬು ಹಚ್ಚಿ, ಚೆನ್ನಾಗಿ ಉರಿದರೆ ಅರ್ಥಿಂಗ್ ಸರಿಯಿದೆ ಎನ್ನುವ ರೂಢಿ ನಮ್ಮಲ್ಲಿದೆ. ಉರಿಯುತ್ತಿರುವ ಬಲ್ಬಿನ ರೋಧ ಸುಮಾರು 529 ಓಮ್. ಗುಂಡಿಯ ರೋಧ 50 ಓಮ್‌ನಷ್ಟು ಕೆಟ್ಟಿದ್ದರೂ ಬಲ್ಬಿಗೆ ಸುಮಾರು 210 ವೋಲ್ಟ್ ಸಿಕ್ಕಿ ಅದು ಹೆಚ್ಚುಕಡಿಮೆ ಹಾಗೆಯೇ ಬೆಳಗುತ್ತದೆ. 2 ಓಮ್‌ಗೂ 50 ಓಮ್‌ಗೂ ಇರುವ ವ್ಯತ್ಯಾಸವನ್ನು ಕಣ್ಣು ಗುರುತಿಸಲಾರದು. ಮೇಲಾಗಿ ಅರ್ಥಿಂಗ್ ತಂತಿ ಕಡಿದಿದ್ದರೆ, ಬಲ್ಬಿನ ಮೂಲಕ ಬಂದ ವಿದ್ಯುತ್ತು ಯಂತ್ರದ ಕವಚಕ್ಕೇ ಏರಿ, ಅದನ್ನು ಮುಟ್ಟಿದವರಿಗೆ ಆಘಾತವಾಗಬಹುದು.

ಮಣ್ಣಿನ ಗುಣ

ಗುಂಡಿಯ ರೋಧವು ಮಣ್ಣಿನ ತೇವವನ್ನು ಅವಲಂಬಿಸಿದೆ. ಮಳೆಗಾಲದಲ್ಲಿ ಉತ್ತಮವಾಗಿ ಕಂಡ ಗುಂಡಿ ಏಪ್ರಿಲ್ ವೇಳೆಗೆ ಕೆಟ್ಟಿರಬಹುದು. ಗರಸು ಮಿಶ್ರಿತ ಕೆಂಪು ಮಣ್ಣು ಬೇಗ ಒಣಗುತ್ತದೆ. ಎರೆ ಭೂಮಿ ತೇವ ಹಿಡಿದಿಟ್ಟರೂ ಬೇಸಗೆಯಲ್ಲಿ ಬಿರುಕು ಬಿಟ್ಟು ಕೊಳವೆಯಿಂದ ಮಣ್ಣು ದೂರ ಸರಿಯುತ್ತದೆ. ಆದುದರಿಂದ ವರ್ಷದ ಪರೀಕ್ಷೆಯನ್ನು ಬೇಸಗೆಯಲ್ಲೇ ಮಾಡಿಸುವುದು ಸೂಕ್ತ. ಗುಂಡಿಯನ್ನು ಕಟ್ಟಡದಿಂದ ಕನಿಷ್ಠ 1.5 ಮೀಟರ್ ದೂರದಲ್ಲಿ ತೋಡಿ, 2.5 ಮೀಟರ್ ಉದ್ದದ ಕೊಳವೆ ಇಳಿಸಿ, ಒಣದಿನಗಳಲ್ಲಿ ನೀರು ಹಾಕುತ್ತಿರಬೇಕು. ಬಚ್ಚಲ ನೀರು ಇಂಗುವ ಕಡೆ ಗುಂಡಿಯಿದ್ದರೆ ಅನುಕೂಲ.

ಘಟಕ ವಿಸ್ತರಿಸುವಾಗ

ಮೂರು ಫೇಸಿನ ಮೋಟರು ಒಂದು ಎಚ್.ಪಿ.ಗೆ ಸುಮಾರು ಒಂದೂವರೆ ಆಂಪಿಯರ್ ಎಳೆಯುತ್ತದೆ. 5 ಎಚ್.ಪಿ. ಗಿರಣಿಗೆ ಏಳೂವರೆ ಆಂಪಿಯರ್ ಸಾಕು. ವ್ಯಾಪಾರ ಕುದುರಿತೆಂದು ಅದೇ ತಂತಿಗೆ 10 ಎಚ್.ಪಿ. ಹಲ್ಲರನ್ನೂ ಸೇರಿಸಿದರೆ ಕರೆಂಟು ಮೂರು ಪಟ್ಟಾಗುತ್ತದೆ. ಆದರೆ ತಂತಿಯಲ್ಲಿ ಹುಟ್ಟುವ ಶಾಖ ಮೂರು ಪಟ್ಟಲ್ಲ, ಒಂಬತ್ತು ಪಟ್ಟು! ಹೊದಿಕೆ ಒಳಗೊಳಗೇ ಬೆಂದು, ಒಂದು ದಿನ ಹೊತ್ತಿಕೊಳ್ಳಬಹುದು. ಹೊಸ ಯಂತ್ರ ತರುವ ಮುಂಚೆ ವಿದ್ಯುತ್ ಸರಬರಾಜು ಕಂಪನಿಯಿಂದ ಹೆಚ್ಚಿನ ಎಚ್.ಪಿ. ಮಂಜೂರು ಮಾಡಿಸಿ, ತಂತಿ ಮತ್ತು ಸ್ವಿಚ್ಚುಗಳನ್ನು ಬದಲಾಯಿಸಿ, ಎಲ್ಲ ಪರೀಕ್ಷೆಗಳನ್ನೂ ಮತ್ತೆ ಮಾಡಿಸತಕ್ಕದ್ದು. ನೀರಾವರಿ ಪಂಪ್‌ಸೆಟ್ಟಿಗೆ ಕೊಟ್ಟ ಸಂಪರ್ಕದಿಂದ ಗಿರಣಿ ನಡೆಸುವಂತಿಲ್ಲ. ನ್ಯೂಟ್ರಲ್ ಇಲ್ಲವೆಂದು ನೆಲವನ್ನೇ ನ್ಯೂಟ್ರಲ್ ಮಾಡಿಕೊಳ್ಳುವ ಪದ್ಧತಿಯನ್ನು ಕೂಡಲೇ ಬಿಡಬೇಕು.

ಯಾವಾಗ, ಯಾರಿಂದ?

ಯಂತ್ರ ಹೂಡಿದಾಗ, ಹೊಸ ಯಂತ್ರ ಸೇರಿಸಿದಾಗ, ಮೋಟರಿಗೆ ಮರುಸುರುಳಿ ಸುತ್ತಿಸಿದಾಗ, ನೀರು ನುಗ್ಗಿದ ನಂತರ ಮತ್ತು ವರ್ಷಕ್ಕೊಮ್ಮೆ ತಪ್ಪದೆ ಪರೀಕ್ಷೆ ಆಗಬೇಕು. ಮೆಗ್ಗರ್ ಮತ್ತು ಅರ್ಥ್ ಟೆಸ್ಟರ್ ಪರೀಕ್ಷೆಗಳನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಿ. ಎಲ್ಲ ಸರಿಯಿದೆ ಎಂಬ ಬಾಯಿಮಾತಿಗೆ ಒಪ್ಪದೆ, ಪ್ರತಿ ಯಂತ್ರದ ಎದುರು ಅಳತೆಯ ಸಂಖ್ಯೆ, ದಿನಾಂಕ ಮತ್ತು ಸಹಿಯಿರುವ ವರದಿ ಕೇಳಿ ಪಡೆಯಿರಿ. ಅದನ್ನು ಗಿರಣಿಯಲ್ಲೇ ಇಟ್ಟರೆ ಮುಂದಿನ ವರ್ಷ ಹೋಲಿಸಿ ನೋಡಲು ಬರುತ್ತದೆ.

ಗಿರಣಿಗೆ ಬರುವವರು ನೆರೆಹೊರೆಯವರು. ಹಿಟ್ಟಿನ ಡಬ್ಬ ಹಿಡಿದು ಬರುವ ಮಕ್ಕಳೂ ಇರುತ್ತಾರೆ. ಯಂತ್ರಕ್ಕೆ ಸಾಲ ಮಾಡಿದ ರೈತನು ಪರೀಕ್ಷೆಗೆ ತಗಲುವ ಅಲ್ಪ ಖರ್ಚನ್ನೂ ಯಂತ್ರದ ಬೆಲೆಯಲ್ಲೇ ಸೇರಿಸಿಕೊಳ್ಳುವುದು ಜಾಣತನ. ಈ ಬೇಸಗೆಯಲ್ಲಿ ನಿಮ್ಮ ಘಟಕದ ಪರೀಕ್ಷೆ ಮಾಡಿಸಿರಿ.