ಎಪ್ಪತ್ತು ಮೀಟರ್, ನಾಲ್ಕು ದಾಳ

ನಮ್ಮ ಭಾನುವಾರದ ಆಟದ ಗುಂಪಿನಲ್ಲಿ ಒಬ್ಬ ಗೆಳತಿ ನಿಜವಾಗಿಯೂ ಬಿಲ್ಲು ಹಿಡಿಯುವವಳು. ದಾಳ ಉರುಳಿಸುತ್ತ ಪಾತ್ರಗಳಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಕಥೆಯೊಂದರಲ್ಲಿ ಅವಳ ಪಾತ್ರ ಬಿಲ್ಲುಗಾರಿಕೆಯ ಸ್ಪರ್ಧೆಗೆ ಇಳಿಯಿತು. ಕಥೆ ನಡೆಸುತ್ತಿದ್ದವನು ನಾನು. "ಒಲಿಂಪಿಕ್ಸ್ ಥರಾನೇ ಇರಲಿ ಕಣೋ, ಎಪ್ಪತ್ತು ಮೀಟರ್" ಅಂದಳು.

ಆ ನಿಯಮಗಳಲ್ಲಿ ಉದ್ದಬಿಲ್ಲಿನ ಸಾಮಾನ್ಯ ವ್ಯಾಪ್ತಿ 150 ಅಡಿ. ಎಪ್ಪತ್ತು ಮೀಟರ್ ಎಂದರೆ ಹತ್ತಿರಹತ್ತಿರ 230 ಅಡಿ. ವ್ಯಾಪ್ತಿ ಮೀರಿದರೆ ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಉರುಳಿಸಿ ಕಡಿಮೆ ಬಂದದ್ದನ್ನು ಹಿಡಿಯಬೇಕು. ಅದು ಒಂದಾದರೆ ಎಂಥ ನಿಪುಣನ ಬಾಣವೂ ತಪ್ಪಿದ ಲೆಕ್ಕ. ಹೀಗೆ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ 72 ಬಾಣಗಳಲ್ಲಿ ಸರಾಸರಿ ಏಳು ವ್ಯರ್ಥ. ಉಳಿದವೆಲ್ಲ ನಡುವಿನ ಹತ್ತಂಕದ ವೃತ್ತಕ್ಕೇ ತಾಗಿದರೂ 650 ಅಂಕ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ದಕ್ಷಿಣ ಕೊರಿಯಾದ ಕಿಮ್ ವೂಜಿನ್ 72 ಬಾಣಗಳಲ್ಲಿ 700 ಗಳಿಸಿದ್ದರು!

ದಾಳದ ಈ ನಿಯಮ ಯುದ್ಧಕ್ಕೆಂದು ಹುಟ್ಟಿದ್ದು. ಯುದ್ಧದಲ್ಲಿ ದಾಳವನ್ನು ಕೇಳುವುದು ಒಂದೇ: ತಗುಲಿತೋ ಇಲ್ಲವೋ? ಗುರಿಯ ಕ್ರೀಡೆಯಲ್ಲಿ ತಗುಲುವುದು ಬಹುತೇಕ ಖಚಿತ. ನಡುವಿನಿಂದ ಎಷ್ಟು ದೂರ, ಯಾವ ಕಡೆಗೆ ಎನ್ನುವುದೇ ಅಲ್ಲಿ ಆಟ. ಗರ್ಪ್ಸ್ ಎಂಬ ಇನ್ನೊಂದು ಆಟದ ಪದ್ಧತಿ ಆರು ಮುಖದ ಮೂರು ದಾಳಗಳ ಮೊತ್ತ ನೋಡುತ್ತದೆ. ಅದರಲ್ಲಿ ನಡುವಿನ ಹತ್ತು, ಹನ್ನೊಂದು ಸೇರಿ ನಾಲ್ಕರಲ್ಲಿ ಒಂದು ಸಲ ಬೀಳುತ್ತವೆ, ಮೂರು ಬೀಳುವುದು 216ರಲ್ಲಿ ಒಮ್ಮೆ. ಪಳಗಿದ ಕೈಯ ಸ್ಥಿರತೆ ಇಲ್ಲಿ ಸಿಗುತ್ತದೆ, ದಿಕ್ಕು ಮಾತ್ರ ಸಿಗುವುದಿಲ್ಲ.

ದಿಕ್ಕಿನ ದಾರಿ ತೋರಿಸಿದವಳು ಗೆಳತಿಯೇ. ಹೆದೆ ಬಿಡುವ ಬೆರಳು ಎಡವಿದರೆ ಬಾಣ ಪಕ್ಕಕ್ಕೆ ಸರಿಯುತ್ತದೆ, ಬಿಲ್ಲು ಹಿಡಿದ ತೋಳು ಕುಸಿದರೆ ಕೆಳಗೆ ಬೀಳುತ್ತದೆ. ಎರಡಕ್ಕೂ ಬೇರೆ ಬೇರೆ ದಾಳ ಇಟ್ಟೆವು. ಒಂದು ಕೆಂಪು ದಾಳದಿಂದ ಒಂದು ಬಿಳಿ ದಾಳ ಕಳೆದರೆ ಎಡ-ಬಲ. ಇನ್ನೊಂದು ಜೋಡಿಯಿಂದ ಮೇಲೆ-ಕೆಳಗೆ. ಎಲ್ಲವೂ ಆರು ಮುಖದವು. ಬಂದ ಸಂಖ್ಯೆಗಳನ್ನು ಚೌಕುಳಿ ಹಾಳೆಯ ಮೇಲೆ ಗುರುತಿಸಿ, ನಡುವಿನಿಂದ ದೂರವನ್ನು ಚೌಕಗಳಲ್ಲಿ ಅಳೆದು, ಬಿಲ್ಲುಗಾರನ ಕೌಶಲದ ಅಂಕೆಯಿಂದ ಭಾಗಿಸಬೇಕು. ಉತ್ತರ ಒಂದರೊಳಗಿದ್ದರೆ ಹತ್ತು ಅಂಕ, ಎರಡರೊಳಗಿದ್ದರೆ ಒಂಬತ್ತು, ಹಾಗೇ ಮುಂದಕ್ಕೆ.

ಕೌಶಲ ನಾಲ್ಕು ಎಂದಿಟ್ಟು ಲೆಕ್ಕ ಹಾಕಿ ನೋಡಿದೆ. ನೂರಕ್ಕೆ ಎಪ್ಪತ್ತು ಬಾಣ ಹತ್ತಕ್ಕೆ, ಉಳಿದವು ಒಂಬತ್ತಕ್ಕೆ. 72 ಬಾಣಗಳಿಗೆ ಸರಾಸರಿ 699. ಕಿಮ್ ಅವರ ಅಂಕಕ್ಕಿಂತ ಒಂದೇ ಕಡಿಮೆ! ನಾಲ್ಕು ಸಾಧಾರಣ ದಾಳಗಳು ಒಲಿಂಪಿಕ್ಸ್ ಅಂಗಳದ ಪಕ್ಕದಲ್ಲೇ ತಂದು ನಿಲ್ಲಿಸಿದ್ದು ನನಗೆ ಈಗಲೂ ಅಪಾರ ಸಂತೋಷ ಕೊಡುತ್ತದೆ.

ಆದರೆ ಲೆಕ್ಕ ಸರಿಯಾದ ಮಾತ್ರಕ್ಕೆ ಆಟ ರಂಗೇರಲಿಲ್ಲ. ಉರುಳಿಸು, ಬರೆ, ಮತ್ತೆ ಉರುಳಿಸು: ಆಡುವವರಿಗೆ ನಿರ್ಧರಿಸಲು ಏನೂ ಇರಲಿಲ್ಲ. ವೈಯಕ್ತಿಕ ಪಂದ್ಯದಲ್ಲಿ ಒಂದು ಬಾಣಕ್ಕೆ ಸಿಗುವುದು 20 ಸೆಕೆಂಡ್. ಅದನ್ನೇ ಆಟದ ಜೀವವಾಗಿಸಿದೆವು. ಮೊದಲು ಗಾಳಿಯ ದಾಳ ಬೀಳುತ್ತದೆ, ಅದು ಬಾಣವನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ಈಗಲೇ ಬಿಡಬಹುದು, ಗುರಿಯನ್ನು ಸರಿಸಿ ಹಿಡಿಯಬಹುದು, ಇಲ್ಲವೇ ಕಾಯಬಹುದು. ಕಾದರೆ ಗಾಳಿ ಬದಲಾದೀತು, ಆದರೆ ಎಳೆದು ಹಿಡಿದ ಕೈ ದಣಿದು ಕೌಶಲ ಒಂದು ಅಂಕೆ ಇಳಿಯುತ್ತದೆ. ಆಮೇಲೆ ಮೇಜಿನ ಸುತ್ತ ಯಾರೂ ಫೋನ್ ಮುಟ್ಟಲಿಲ್ಲ.

ಉಳಿದದ್ದು ಸಮಬಲದ ಪ್ರಶ್ನೆ. 2024ರ ಪ್ಯಾರಿಸ್ ಫೈನಲ್‌ನಲ್ಲಿ ಕಿಮ್ ಮತ್ತು ಅಮೆರಿಕದ ಬ್ರಾಡಿ ಎಲಿಸನ್ ಇಬ್ಬರೂ ಕೊನೆಯ ನಿರ್ಣಾಯಕ ಬಾಣವನ್ನು ಹತ್ತಕ್ಕೇ ನೆಟ್ಟರು. ಚಿನ್ನ ತೀರ್ಮಾನವಾದದ್ದು 4.9 ಮಿಲಿಮೀಟರ್ ಅಂತರದಲ್ಲಿ. ನಿಜವಾದ ಗುರಿಫಲಕದ ಅಳತೆಯಲ್ಲಿ ನಮ್ಮ ಹಾಳೆಯ ಒಂದು ಚೌಕವೇ ಒಂದೂವರೆ ಸೆಂಟಿಮೀಟರ್. ಹಾಗಾಗಿ ನಿರ್ಣಾಯಕ ಬಾಣಕ್ಕೆ ಮಾತ್ರ ಇಪ್ಪತ್ತು ಮುಖದ ನಾಲ್ಕು ದಾಳ ತೆಗೆದು, ನಾಲ್ಕರ ಬದಲು ಹದಿಮೂರರಿಂದ ಭಾಗಿಸುತ್ತೇವೆ. ಚೌಕ ಅರ್ಧ ಸೆಂಟಿಮೀಟರ್‌ಗಿಂತ ತುಸು ಚಿಕ್ಕದಾಗುತ್ತದೆ, ಅಂಥ ಅಂತರವೂ ಹಾಳೆಯ ಮೇಲೆ ಕಾಣುತ್ತದೆ.