ಆಯಿಲ್ ಸೀಲಿಗಿಲ್ಲದ ವಾರಂಟಿ

ಇನ್ನೂ ಎಂಟು ತಿಂಗಳ ವಾರಂಟಿ ಬಾಕಿ ಇರುವಾಗಲೇ ನಮ್ಮ ಕಾರಿನ ಗೇರ್‌ಬಾಕ್ಸನ್ನು ಹಾಸನದ ಗ್ಯಾರೇಜೊಂದರಲ್ಲಿ ಇಳಿಸಿಸಿದೆ. ಬಿಲ್ಲು 13,800 ರೂಪಾಯಿ. ಹೊರಗಿನವರಿಂದ ಎಂಜಿನ್ನಿಗೋ ಗೇರ್‌ಬಾಕ್ಸಿಗೋ ಕೈ ಹಾಕಿಸಿದರೆ ವಾರಂಟಿ ರದ್ದು ಎಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು. ರದ್ದಾಯಿತು. ಮನೆಯಲ್ಲಿ ಈ ತೀರ್ಮಾನಕ್ಕೆ ಒಂದು ಓಟೂ ಬೀಳಲಿಲ್ಲ. “ದುಡ್ಡು ಕೊಟ್ಟು ತಗೊಂಡ ವಾರಂಟಿ ಮನೇಲಿಟ್ಕೊಂಡು ಕೈಯಿಂದ ಖರ್ಚು ಮಾಡ್ತೀರಲ್ಲ ಭಾವ, ಊರಿಗೆಲ್ಲ ಲೆಕ್ಕ ಹೇಳ್ಕೊಡೋರು ನೀವು” ಎಂದು ನನ್ನ ಹೆಂಡತಿಯ ತಮ್ಮ ಇಡ್ಲಿ ತಿನ್ನುತ್ತಲೇ ಕೇಳಿದ. ಅವನಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕಾರು 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಕಾರು ಕಂಪನಿಯೊಂದರ ಯಾರ್ಡಿನಲ್ಲಿ ಕೊಂಡಾಗ 71,000 ಕಿ.ಮೀ. ಓಡಿತ್ತು, ಬೆಲೆ 4.35 ಲಕ್ಷ. ಹಳೆಯ ಕಾರು ಕೊಂಡಿದ್ದರ ಬಗ್ಗೆ ನನಗೆ ಎಳ್ಳಷ್ಟೂ ತಕರಾರಿಲ್ಲ. ಹೊಸ ಪೆಟ್ರೋಲ್ ಕಾರಿನ ಬೆಲೆಯ ಶೇ 13ರಿಂದ 18ರಷ್ಟನ್ನು ಆಜೀವ ತೆರಿಗೆಯೆಂದು ಕಿತ್ತುಕೊಂಡು, ಅದರ ಮೇಲೆ ಸೆಸ್ ಹಾಕುವ ನಮ್ಮ ರಾಜ್ಯದಲ್ಲಿ, ಆ ತೆರಿಗೆಯನ್ನು ಬೇರೆ ಯಾರೋ ಆಗಲೇ ಕಟ್ಟಿರುವ ಕಾರು ಕೊಳ್ಳುವುದು ಜಾಣತನವೇ. ಸಹಿ ಹಾಕುವ ಹೊತ್ತಿಗೆ ಸೇಲ್ಸ್ ಹುಡುಗ ಒಂದು ವರ್ಷದ ವಾರಂಟಿ ಸೇರಿಸಿದ: ಹತ್ತು ಸಾವಿರ, ಜಿಎಸ್‌ಟಿ ಸೇರಿ 11,800. ಜೊತೆಗೆ ಬಂದ ಉದ್ದನೆಯ ತಪಾಸಣಾ ವರದಿಯಲ್ಲಿ ‘ಎಂಜಿನ್ ಆಯಿಲ್ ಲೀಕೇಜ್: ಇಲ್ಲ’ ಎಂಬ ಸಾಲಿಗೆ ಹಸಿರು ಟಿಕ್ ಇತ್ತು. ಬಾನೆಟ್ ಎತ್ತಿದರೆ ಎಂಜಿನ್ ಫಳಫಳ. ಇಷ್ಟು ವರ್ಷ ನಮ್ಮ ರಸ್ತೆಗಳಲ್ಲಿ ಓಡಿದ ಎಂಜಿನ್ ಹಾಗೆ ಹೊಳೆಯುತ್ತಿದೆ ಎಂದರೆ ಅರ್ಥ ಒಂದೇ, ಯಾರೋ ಡೀಸೆಲ್ಲೋ ಶಾಂಪೂವೋ ಹಾಕಿ ತೊಳೆದಿದ್ದಾರೆ.

ನಾಲ್ಕು ತಿಂಗಳಲ್ಲಿ, 75,000 ಕಿ.ಮೀ. ಹತ್ತಿರ, ಪೋರ್ಟಿಕೋದ ನೆಲದ ಮೇಲೆ ಕಪ್ಪು ಹನಿಗಳು ಬೀಳತೊಡಗಿದವು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಜಾಗದಿಂದ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮೇಲಿನ ಗುರುತಿನಿಂದ ಕೆಳಗಿನ ಗುರುತಿಗೆ ಸುಮಾರು 3,000 ಕಿ.ಮೀ.ಗಳಲ್ಲಿ ಇಳಿದಿತ್ತು. ಬಹುತೇಕ ಸಣ್ಣ ಕಾರುಗಳಲ್ಲಿ ಆ ಎರಡು ಗುರುತುಗಳ ನಡುವೆ ಹೆಚ್ಚುಕಡಿಮೆ ಒಂದು ಲೀಟರ್.

ವಾರಂಟಿಯವರಿಗೆ ಫೋನ್ ಮಾಡಿದರೆ, ಕಾರನ್ನು ಬೆಂಗಳೂರಿನ ತಮ್ಮ ವರ್ಕ್‌ಶಾಪಿಗೇ ತರಬೇಕು ಎಂದರು. ಹಾಸನದಿಂದ ಹೋಗಲು ಸುಮಾರು 180 ಕಿ.ಮೀ., ಬರಲು ಅಷ್ಟೇ. ಪೆಟ್ರೋಲ್, ಟೋಲ್ ಸೇರಿ ಮೂರು ಸಾವಿರ. ಲಿಫ್ಟಿನ ಮೇಲೆ ಏರಿಸಿ ನೋಡಿ, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿದೆ ಎಂದರು. ಅಲ್ಲಿಯವರೆಗೆ ಸರಿಯೇ. ಆಮೇಲೆ ಸರ್ವಿಸ್ ಅಡ್ವೈಸರ್ ಹೇಳಿದ್ದು: “ಸೀಲ್ ವೇರ್ ಅಂಡ್ ಟೇರ್ ಐಟಂ ಸರ್, ಕವರ್ ಆಗಲ್ಲ.” ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸುವ ಕೂಲಿಯೂ ಕವರ್ ಆಗುವುದಿಲ್ಲ. ನಾನೇ ಕೊಡುವುದಾದರೆ ಅಂದಾಜು 13,500.

ಆ ಕಾಗದವನ್ನು ಮನೆಗೆ ಬಂದು ಸಾಲುಸಾಲಾಗಿ ಓದಿದೆ. ಕವರ್ ಆಗುವುದು ಪಿಸ್ಟನ್, ಕ್ರ್ಯಾಂಕ್‌ಶಾಫ್ಟ್, ಕ್ಯಾಮ್‌ಶಾಫ್ಟ್, ಕನೆಕ್ಟಿಂಗ್ ರಾಡ್, ಗೇರುಗಳು. ಕವರ್ ಆಗದಿರುವುದು ಸೀಲ್, ಗ್ಯಾಸ್ಕೆಟ್, ಹೋಸ್, ಬೆಲ್ಟ್, ಆಯಿಲ್, ಫಿಲ್ಟರ್, ಕ್ಲಚ್. ಅಂದರೆ ಇಷ್ಟು ಓಡಿದ ಪೆಟ್ರೋಲ್ ಎಂಜಿನ್ನಿನಲ್ಲಿ ಹಾಳಾಗುವುದು ಅಪರೂಪವಾದದ್ದಕ್ಕೆಲ್ಲ ಭರವಸೆ, ಹಾಳಾಗಿಯೇ ಆಗುವುದಕ್ಕೆ ಇಲ್ಲ. ಇನ್ನೂ ಕೆಳಗೆ, ಸಣ್ಣ ಅಕ್ಷರದಲ್ಲಿ: ಆಯಿಲ್ ಮಟ್ಟ ಕಡಿಮೆಯಿದ್ದಾಗ ಓಡಿಸಿದ್ದರಿಂದ ಎಂಜಿನ್ನಿಗಾದ ಹಾನಿ ‘ಮಾಲೀಕರ ನಿರ್ಲಕ್ಷ್ಯ’. ಆಯಿಲ್ ಸೋರುವುದಕ್ಕೂ ಅವರು ಜವಾಬ್ದಾರರಲ್ಲ, ಸೋರಿದ್ದರಿಂದ ಎಂಜಿನ್ ಸೀಜ್ ಆದರೆ ಅದಕ್ಕೂ ಅಲ್ಲ. ಇಂಥದ್ದಕ್ಕೆ ಹತ್ತು ಸಾವಿರ, ಅದರ ಮೇಲೆ ಸರ್ಕಾರಕ್ಕೆ 1,800. ಧೈರ್ಯವಾದರೂ ಎಷ್ಟಿರಬೇಕು! (ಎಂಜಿನ್ ಪ್ರೊಟೆಕ್ಟ್ ಆಡ್-ಆನ್ ಇನ್ಶೂರೆನ್ಸ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅದು ನೀರು ನುಗ್ಗಿದಾಗ, ಅಥವಾ ಕೆಳಗೆ ಕಲ್ಲು ಬಡಿದು ಚೇಂಬರ್ ಒಡೆದು ಆಯಿಲ್ ಖಾಲಿಯಾದಾಗ. ಸವೆದ ಸೀಲಿಗೆ ಅದೂ ಬರುವುದಿಲ್ಲ.)

ಈಗ ಲೆಕ್ಕ. ನಮ್ಮ ಗ್ಯಾರೇಜಿನ ಭಾಯ್ ದರ ಹೀಗಿತ್ತು: ಸೀಲ್ 900, ಗೇರ್‌ಬಾಕ್ಸ್ ಇಳಿಸಿ ಏರಿಸುವ ಲೇಬರ್ 5,500, ಗೇರ್ ಆಯಿಲ್ 600. ಒಟ್ಟು 7,000. ಆದರೆ ಅವರೇ ಇನ್ನೊಂದು ಮಾತು ಸೇರಿಸಿದರು: “ಕ್ಲಚ್ ಕಂಪನಿದೇ ಇದೆ ಸಾರ್, ಇನ್ನೊಂದ್ ಹದಿನೈದು ಸಾವಿರ ಕಿಲೋಮೀಟರ್ ಬರಬೋದು. ಆವಾಗ ಮತ್ತೆ ಗೇರ್‌ಬಾಕ್ಸ್ ಇಳಿಸ್ಲೇಬೇಕು.” ಕ್ಲಚ್ ಸೆಟ್ 6,800. ನಿಜವಾದ ಪ್ರಶ್ನೆ ಅಲ್ಲಿತ್ತು. ಸೀಲಿನ ಬೆಲೆ ನಗಣ್ಯ, ದುಬಾರಿಯಾದದ್ದು ಅದರ ತನಕ ಕೈ ಹೋಗುವ ದಾರಿ.

ನಾನು ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವನು. ಹದಿನೈದು ಸಾವಿರ ಎಂದರೆ ಹದಿನೈದು ತಿಂಗಳು.

ಕಂಪನಿಯವರ ಹತ್ತಿರ ಈಗ ಸೀಲ್ ಹಾಕಿಸಿದರೆ 13,500, ಓಡಾಟಕ್ಕೆ 3,000. ಹದಿನೈದು ತಿಂಗಳ ನಂತರ ಭಾಯ್ ಹತ್ತಿರ ಕ್ಲಚ್, ಲೇಬರ್, ಗೇರ್ ಆಯಿಲ್ ಸೇರಿ 12,900. ಒಟ್ಟು 29,400. ಈಗಿನ ಸೀಲನ್ನೂ ಭಾಯ್ ಹತ್ತಿರವೇ ಹಾಕಿಸಿ, ಕ್ಲಚ್ಚಿಗೆ ಮತ್ತೆ ಹೋದರೆ 7,000 ಮತ್ತು 12,900, ಒಟ್ಟು 19,900. ಇವೆರಡೂ ಲೆಕ್ಕದಿಂದ ಹೊರಗೆ.

ಉಳಿದದ್ದು ಎರಡು ದಾರಿ. ಒಂದು, ಸೋರುವುದಾದರೆ ಸೋರಲಿ ಎಂದು ಬಿಟ್ಟು, ಆಯಿಲ್ ತುಂಬಿಸುತ್ತಾ, ಕ್ಲಚ್ ಬದಲಿಸುವಾಗ ಸೀಲನ್ನೂ ಹಾಕಿಸುವುದು. ಮೂರು ತಿಂಗಳಿಗೊಂದು ಲೀಟರ್, ಹದಿನೈದು ತಿಂಗಳಿಗೆ ಐದು ಲೀಟರ್, ಲೀಟರಿಗೆ 450ರಂತೆ 2,250. ಕೊನೆಗೆ ಎಲ್ಲ ಸೇರಿದ ಬಿಲ್ಲು 13,800. ಒಟ್ಟು 16,050. ಇನ್ನೊಂದು, ಎರಡನ್ನೂ ಈಗಲೇ ಮುಗಿಸುವುದು: 13,800. ಮೇಲ್ನೋಟಕ್ಕೆ ಎರಡನೆಯದೇ ಅಗ್ಗ. ಆದರೆ ಇನ್ನೂ ಜೀವವಿರುವ ಕ್ಲಚ್ಚನ್ನು ಎಸೆಯುತ್ತಿದ್ದೇನೆ. 90,000 ಕಿ.ಮೀ. ಬಾಳುವುದರಲ್ಲಿ 15,000 ಬಾಕಿ, ಅಂದರೆ ಆರರಲ್ಲೊಂದು ಪಾಲು. 6,800ರಲ್ಲಿ 1,133 ರೂಪಾಯಿ. ಅದನ್ನು ಸೇರಿಸಿದರೆ 14,933. ಆಗಲೂ ಈಗಲೇ ಮಾಡಿಸುವುದು ಸಾವಿರದ ಚಿಲ್ಲರೆ ಅಗ್ಗ.

ಬಡ್ಡಿ ಮರೆತಿರಲ್ಲ ಎಂದು ಪತ್ರ ಬರೆಯುವ ಓದುಗರಿಗಾಗಿ ಅದನ್ನೂ ಹಾಕುತ್ತೇನೆ. 13,800ನ್ನು ಹದಿನೈದು ತಿಂಗಳು ಶೇ 7ರ ಎಫ್‌ಡಿಯಲ್ಲಿಟ್ಟರೆ ಸರಳ ಬಡ್ಡಿ 1,207. ಕಾಯುವ ದಾರಿಯಿಂದ ಅದನ್ನು ಕಳೆದರೆ 14,843. ಈಗಲೇ ಮಾಡಿಸುವ ದಾರಿ 14,933. ವ್ಯತ್ಯಾಸ ತೊಂಬತ್ತು ರೂಪಾಯಿ, ಅದೂ ಕಾಯುವವನ ಪರ. ಸಂಜೆಯೆಲ್ಲ ಕೂತು ಗುಣಿಸಿ ಭಾಗಿಸಿದ್ದಕ್ಕೆ ಸಿಕ್ಕಿದ್ದು ಎರಡು ಕಾಫಿಯ ವ್ಯತ್ಯಾಸ.

ಹಣ ಸಮಸಮ ಎಂದಾದ ಮೇಲೆ ಹಣವಲ್ಲದ್ದನ್ನು ನೋಡಬೇಕು. ಹಿಂದಿನ ಸೀಲಿನ ಮಗ್ಗುಲಲ್ಲೇ ಕ್ಲಚ್ ಇರುತ್ತದೆ. ಸೋರಿಕೆ ಜಾಸ್ತಿಯಾಗಿ ಆಯಿಲ್ ಪ್ಲೇಟಿಗೆ ಹತ್ತಿದರೆ ಕ್ಲಚ್ ಸ್ಲಿಪ್ ಆಗತೊಡಗುತ್ತದೆ. ಆಗ ನನ್ನ ಹದಿನೈದು ತಿಂಗಳ ಲೆಕ್ಕ ಶಿರಾಡಿ ಘಾಟಿಯ ಯಾವುದೋ ತಿರುವಿನಲ್ಲಿ ಮುಗಿದಿರುತ್ತದೆ. ಟೋಯಿಂಗ್ ಬಿಲ್ಲಿನ ಮುಂದೆ ತೊಂಬತ್ತು ರೂಪಾಯಿ ಏನು ಮಹಾ. ಗೇರ್‌ಬಾಕ್ಸ್ ಇಳಿಸಲು ಹೇಳಿದೆ. ಭಾಯ್ ಮೊದಲು ನೋಡಿದ್ದು ಪಿಸಿವಿ ವಾಲ್ವನ್ನು. ಅದು ಕಟ್ಟಿಕೊಂಡಿದ್ದರೆ ಎಂಜಿನ್ನಿನೊಳಗಿನ ಒತ್ತಡ ಏರಿ ಹೊಸ ಸೀಲನ್ನೂ ದೂಡಿ ಆಯಿಲ್ ಹೊರಬರುತ್ತದೆ. ನಮ್ಮದು ಸರಿಯಿತ್ತು.

ಮತ್ತೆ ಆ ಎಂಟು ತಿಂಗಳ ವಾರಂಟಿ? 11,800ಕ್ಕೆ ಎಂಟು ತಿಂಗಳ ಪಾಲು 7,867 ರೂಪಾಯಿ ನಷ್ಟ ಎಂದು ಬಾಮೈದ ಫೋನಿನಲ್ಲೇ ಒತ್ತಿ ತೋರಿಸಿದ. ಆ ದುಡ್ಡು ನಾನು ಏನೇ ಮಾಡಿದರೂ ವಾಪಸ್ ಬರುವುದಿಲ್ಲ. ಮುಂದಿನ ಎಂಟು ತಿಂಗಳಲ್ಲಿ ಆ ಕಾಗದ ನನಗೇನು ಕೊಡುತ್ತದೆ ಎಂಬುದಷ್ಟೇ ಲೆಕ್ಕಕ್ಕೆ ಬರಬೇಕು. ಆಯಿಲ್ ಸರಿಯಾಗಿದ್ದರೆ ಕ್ರ್ಯಾಂಕ್‌ಶಾಫ್ಟ್ ಹೋಗುವುದು ಅಪರೂಪ, ಆಯಿಲ್ ಕಡಿಮೆಯಾಗಿ ಹೋದರೆ ಅವರು ಕೊಡುವುದಿಲ್ಲ. ನಾನು ಅದಕ್ಕೆ ಕಟ್ಟುವ ಬೆಲೆ ಸೊನ್ನೆಗೆ ತೀರಾ ಹತ್ತಿರ.

ಗೇರ್‌ಬಾಕ್ಸ್ ಕೆಳಗಿಳಿದಾಗ ಇನ್ನೊಂದು ಕಂಡಿತು. ಬೆಲ್ ಹೌಸಿಂಗಿನ ಒಳಗೋಡೆಗೆ ಆಯಿಲ್ ಮತ್ತು ಧೂಳು ಕಲಸಿ ಗಟ್ಟಿಯಾದ ಪದರ, ಸ್ಕ್ರೂಡ್ರೈವರಿನಿಂದ ಕೆರೆದರೂ ಸುಲಭಕ್ಕೆ ಏಳದಷ್ಟು. ನಾಲ್ಕು ತಿಂಗಳಲ್ಲಿ ಕಟ್ಟುವಂಥದ್ದಲ್ಲ. ಹೊರಗಡೆ ತೊಳೆದವರ ಕೈ ಅಲ್ಲಿಗೆ ಹೋಗಿರಲಿಲ್ಲ. ಫೋಟೊ ತೆಗೆದೆ, ಭಾಯ್ ಕೈಯಲ್ಲಿ ಒಂದು ಹಾಳೆ ಬರೆಸಿ ಸಹಿ ಹಾಕಿಸಿದೆ, ಹಳೆಯ ಸೀಲನ್ನು ಕವರಿನಲ್ಲಿ ಕಟ್ಟಿಟ್ಟೆ. ವಾರಂಟಿ ಸತ್ತರೂ ಆ ಹಸಿರು ಟಿಕ್ ಬದುಕಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ್ದಕ್ಕೆ ಕಂಪನಿ ಉತ್ತರವನ್ನೇನೋ ಕೊಟ್ಟಿತು: ಮುಂದಿನ ಕಾರು ಅವರಲ್ಲೇ ಕೊಂಡರೆ 3,000 ರೂಪಾಯಿಯ ವೋಚರ್! ಇನ್ನುಳಿದದ್ದು ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷ ಸಮಯವಿದೆ, ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ಅರ್ಜಿ ಸಿದ್ಧವಾಗಿದೆ. ಕೇಳಿರುವುದು ಸೀಲು, ಲೇಬರ್, ಗೇರ್ ಆಯಿಲ್ಲಿನ 7,000 ಮತ್ತು ಬೆಂಗಳೂರಿನ ಓಡಾಟದ ಖರ್ಚು. ಕ್ಲಚ್ ನನ್ನ ಖರ್ಚು, ಅದನ್ನು ಅವರ ತಲೆಗೆ ಕಟ್ಟುವುದು ಸರಿಯಲ್ಲ. ಪರಿಚಯದವರಿಂದ ನೇರವಾಗಿ ಕಾರು ಕೊಂಡವರಿಗೆ ಈ ದಾರಿ ಇಲ್ಲ. ಸ್ವಂತ ಕಾರು ಮಾರುವ ಮನೆಯವರು ಆ ಕಾಯ್ದೆಯ ಅರ್ಥದಲ್ಲಿ ವ್ಯಾಪಾರಿಗಳಲ್ಲ.

ಒಂದು ಮಾತು ಹೇಳದೆ ಇರಲಾರೆ. ತಿಂಗಳಿಗೆ ಎರಡು ಸಲ ಕಾರು ತೊಳೆಸುವ, ಡ್ಯಾಶ್‌ಬೋರ್ಡಿಗೆ ಪಾಲಿಶ್ ಹಚ್ಚುವ ಜನ ಡಿಪ್‌ಸ್ಟಿಕ್ ಎಳೆದು ನೋಡುವುದಿಲ್ಲ. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆ, ಸಮತಟ್ಟಾದ ಜಾಗದಲ್ಲಿ, ಒಂದು ಹಳೇ ಬಟ್ಟೆ ಹಿಡಿದು ಅರ್ಧ ನಿಮಿಷದ ಕೆಲಸ. ಆಯಿಲ್ಲಿನ ಕೆಂಪು ದೀಪ ಹತ್ತಲಿ ಎಂದು ಕಾಯುತ್ತಾರೆ. ಆ ದೀಪ ತೋರಿಸುವುದು ಮಟ್ಟವನ್ನಲ್ಲ, ಒತ್ತಡವನ್ನು. ಓಡುವಾಗ ಅದು ಹತ್ತಿತೆಂದರೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು, ಮನೆಯವರೆಗೆ ಹೋಗಿಬಿಡೋಣ ಎನ್ನುವ ಮಾತೇ ಇಲ್ಲ.

ಕೊಳ್ಳುವವರು ಲೀಕೇಜನ್ನು ಬೆಲೆಯಲ್ಲೇ ಚೌಕಾಸಿ ಮಾಡುವುದು ಒಳ್ಳೆಯದು. ಅರ್ಧ ಗಂಟೆ ಓಡಿಸಿ, ಎಂಜಿನ್ ಬಿಸಿಯಿರುವಾಗಲೇ ಕೆಳಗೆ ರಟ್ಟು ಹಾಸಿ ಕಾಯಿರಿ. ಟ್ಯಾಪೆಟ್ ಕವರ್ ಪ್ಯಾಕಿಂಗಿನಿಂದ ಒಸರುತ್ತಿದ್ದರೆ ಎರಡು ಸಾವಿರ ಇಳಿಸಿದರೆ ಸಾಕು, ಆದರೆ ಆಯಿಲ್ ಸೈಲೆನ್ಸರಿನ ಬಿಸಿ ಕೊಳವೆಯ ಮೇಲೆ ಬೀಳುತ್ತಿದ್ದರೆ ಬೆಂಕಿಯ ಭಯ, ರಿಪೇರಿ ಮಾಡಿಸಿಕೊಟ್ಟರಷ್ಟೇ ಕೊಳ್ಳಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಿನಲ್ಲಿ ಮುಂದಿನ ಸೀಲ್ ಸೋರುತ್ತಿದ್ದರೆ ಬೆಲ್ಟಿನ ಖರ್ಚನ್ನೂ ಸೇರಿಸಿ ಕೇಳಿ, ಆಯಿಲ್ ಹತ್ತಿದ ರಬ್ಬರ್ ಬಾಳುವುದಿಲ್ಲ. ಹಿಂದಿನ ಸೀಲಾದರೆ ಹದಿನಾಲ್ಕು ಸಾವಿರ. ‘ಫಿಕ್ಸೆಡ್ ಪ್ರೈಸ್’ ಬೋರ್ಡಿನ ಯಾರ್ಡುಗಳಲ್ಲಿ ಈ ಚೌಕಾಸಿ ನಡೆಯುವುದಿಲ್ಲ. ಅಲ್ಲಿ ಹಣ ಕಟ್ಟುವ ಮೊದಲು ತಪಾಸಣಾ ವರದಿಗೆ ಸಹಿ, ಮೊಹರು ಹಾಕಿಸಿಕೊಳ್ಳಿ. ಕೊಡದಿದ್ದರೆ ಪುಟಪುಟವನ್ನೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಮ್ಮ ಕಾರಿನ ವರದಿ ಆ ಕಂಪನಿಯ ಆ್ಯಪಿನಲ್ಲಿ ಈಗ ಕಾಣುತ್ತಿಲ್ಲ; ನನ್ನ ಅರ್ಜಿಯ ಜೊತೆ ಲಗತ್ತಿಸಿರುವುದು ಸ್ಕ್ರೀನ್‌ಶಾಟನ್ನೇ.